ಬುರುಡೆ ಅಣ್ಣನ ಎಡಗೈ ಸಾಕ್ಷಿ

ಹೆಂಗಸರ ಕೂದಲು ಕತ್ತರಿಸುವ ಆ ಅಂಗಡಿಗೆ ವಾರಕ್ಕೊಂದು ದಿನ ರಜೆ. ರಜೆಯ ಸಂಜೆ ಷಟರ್ ಅರ್ಧ ಮಾತ್ರ ಎತ್ತಿರುತ್ತದೆ. ಬಗ್ಗಿ ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಗುಡಿಸದೆ ಬಿಟ್ಟ ನೆಲ. ಹಿಂದಿನ ದಿನದ ಕೂದಲು ಕುರ್ಚಿಗಳ ಸುತ್ತ ಹಾಗೇ ಬಿದ್ದಿರುತ್ತದೆ. ಹಾಗೆಂದು ಅಂಗಡಿಯ ಒಡತಿ ಸೋಮಾರಿಯಲ್ಲ. ಬೇರೆ ದಿನಗಳಲ್ಲಿ ಒಬ್ಬರು ಎದ್ದು ಇನ್ನೊಬ್ಬರು ಕೂರುವಷ್ಟರಲ್ಲಿ ಪೊರಕೆ ಒಂದು ಸುತ್ತು ಹೊಡೆದಿರುತ್ತದೆ. ರಜೆಯ ಹಿಂದಿನ ಸಂಜೆ ಮಾತ್ರ ಅವಳು ಬೇಕೆಂದೇ ಗುಡಿಸುವುದಿಲ್ಲ. ಆ ಕೂದಲು ದಂಡಕ್ಕೆ ಮೀಸಲು.

ದಂಡ ಯಾರಿಗೆ, ಏಕೆ ಎಂದು ಹೇಳಬೇಕಾದರೆ ‘ಏಳನೇ ಕಕ್ಷೆ’ಯ ಬಗ್ಗೆ ಹೇಳಬೇಕು. ಅದು ಟಿವಿಯಲ್ಲಿ ಬಂದ ಧಾರಾವಾಹಿ. ದೂರದ ಕಕ್ಷೆಯಲ್ಲಿ ಕೆಟ್ಟು ನಿಂತ ನಿಲ್ದಾಣಗಳನ್ನು ರಿಪೇರಿ ಮಾಡುತ್ತಾ ಅಲೆಯುವ ಒಂದು ನೌಕೆ, ಅದರ ನಾಯಕಿ, ಒಬ್ಬ ವೈದ್ಯ, ದಾರಿಯ ನಕ್ಷೆ ಓದುವ ಒಬ್ಬ ಹುಡುಗಿ. ಮೊದಲು ಬಂದಾಗ ಅಂಗಡಿಯ ಒಡತಿ ಇನ್ನೂ ಲಂಗ ಹಾಕುವ ವಯಸ್ಸಿನವಳು. ಈಗ ಅವಳ ಕಿವಿಯ ಹತ್ತಿರ ಬಣ್ಣ ಹಾಕಿ ಮುಚ್ಚಿದ ಬಿಳಿಗೂದಲಿದೆ. ಅವಳನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು ಕತ್ತರಿಯಕ್ಕ ಎಂದು. ಧಾರಾವಾಹಿ ಮುಗಿದು ಎಷ್ಟೋ ವರ್ಷಗಳಾದರೂ ಕತ್ತರಿಯಕ್ಕ ಮತ್ತು ಇನ್ನೂ ಮೂವರಿಗೆ ಅದು ಮುಗಿದಿಲ್ಲ. ವಾರಕ್ಕೊಮ್ಮೆ ಅಂಗಡಿಯ ತಿರುಗುವ ಕುರ್ಚಿಗಳಲ್ಲಿ ಕೂತು, ಹಿಂದಿನ ಗೋಡೆಯ ಟಿವಿಯಲ್ಲಿ ಒಂದು ಕಂತು ಹಾಕಿ, ಯಾವ ಎಳೆ ಎಲ್ಲಿ ತುಂಡಾಯಿತು, ಯಾವ ಗಂಟು ಇನ್ನೂ ಬಿಚ್ಚಿಲ್ಲ ಎಂದು ವಾದ ಮಾಡುತ್ತಾರೆ. ಮೂವರಲ್ಲಿ ಒಬ್ಬರು ಹೈಸ್ಕೂಲಿನ ಗಣಿತದ ಮೇಷ್ಟ್ರು, ಒಬ್ಬಳು ಆಸ್ಪತ್ರೆಯ ನರ್ಸು, ಇನ್ನೊಬ್ಬ ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಅವನಿಗೆ ಹೆಸರೇ ಲಿಫ್ಟ್ ಎಂದಾಗಿದೆ.

ಈ ನಾಲ್ವರಿಗೆ ಒಂದೇ ನಿಯಮ. ಕಥೆಯಲ್ಲಿ ಏನಾದರೂ ಹೊಂದದೆ ಹೋದರೆ ‘ಬರೆದವರು ಮರೆತಿದ್ದಾರೆ’ ಎನ್ನುವಂತಿಲ್ಲ. ನಾಯಕಿಯ ಕೆನ್ನೆಯ ಗಾಯದ ಗುರುತು ಒಂದು ಕಂತಿನಲ್ಲಿ ಮಾಯವಾದರೆ ಅದಕ್ಕೆ ಕಥೆಯ ಒಳಗೇ ಕಾರಣ ಹುಡುಕಬೇಕು, ಅದಕ್ಕೆ ಒಂದು ವಾರ ಗಡುವು. ಹುಡುಕುವ ಮೊದಲೇ ‘ಮರೆತಿದ್ದಾರೆ ಬಿಡಿ’ ಎಂದವರು ಎದ್ದು ನೆಲ ಗುಡಿಸಬೇಕು. ನಿಯಮ ಮಾಡಿದವಳು ಕತ್ತರಿಯಕ್ಕ. ಅತಿ ಹೆಚ್ಚು ಸಲ ಗುಡಿಸಿದವನು ಲಿಫ್ಟ್.

‘ಏಳನೇ ಕಕ್ಷೆ’ಯ ಅಭಿಮಾನಿಗಳು ಬೇರೆ ಊರುಗಳಲ್ಲೂ ಇದ್ದಾರೆ. ಎಲ್ಲರೂ ಅಂತರ್ಜಾಲದ ಒಂದೇ ಕಟ್ಟೆಯ ಮೇಲೆ ಜಗಳವಾಡುತ್ತಾರೆ. ಆ ಕಟ್ಟೆಯಲ್ಲಿ ಈ ನಾಲ್ವರ ಮಾತಿಗೆ ತೂಕವಿತ್ತು. ಅದಕ್ಕೆ ಕಾರಣ ಒಂದು ಕಂತು. ಮೊದಲ ವರ್ಷದಲ್ಲಿ ಒಂದೇ ಸಲ ಪ್ರಸಾರವಾಗಿ ಆಮೇಲೆ ಟೇಪೇ ಕಳೆದುಹೋದ ಕಂತು ಅದು. ನಕ್ಷೆಯ ಹುಡುಗಿ ಕೆಟ್ಟ ನಿಲ್ದಾಣದ ಒಳಗೆ ಸಿಕ್ಕಿಕೊಂಡಿರುತ್ತಾಳೆ. ನೌಕೆಯ ಬಾಗಿಲು ಮುಚ್ಚಿಬಿಡುತ್ತದೆ. ಅವಳು ಮತ್ತೆ ಬರುವುದಿಲ್ಲ. ಮುಂದಿನ ಕಂತುಗಳಲ್ಲಿ ಎಲ್ಲರೂ ಅವಳಿಗಾಗಿ ಅಳುತ್ತಾರೆ, ಎಲ್ಲರಿಗಿಂತ ಹೆಚ್ಚು ವೈದ್ಯ. ಬಾಗಿಲು ಮುಚ್ಚಿದವರು ಯಾರೆಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಆ ಕಂತನ್ನು ನೋಡಿ ನೆನಪಿಟ್ಟವರು ಇಡೀ ಕಟ್ಟೆಯಲ್ಲಿ ಒಬ್ಬಳೇ, ಕತ್ತರಿಯಕ್ಕ. ಅದರಲ್ಲೂ ಕೊನೆಯ ಭಾಗ ಅವಳು ನೋಡಿದ್ದಲ್ಲ, ಕೇಳಿದ್ದು. ಇದನ್ನು ಅವಳು ಮೊದಲ ದಿನದಿಂದಲೂ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ.

ಆಗ ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಅಣ್ಣ ತಂಗಿ ಇಬ್ಬರೂ ಎದುರು ಮನೆಯ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರು. ಆ ಮನೆಯ ಹೆಂಗಸು ಮುಂದಿನ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದಳು. ಬೀದಿಯ ಮಕ್ಕಳ ಪಾಲಿಗೆ ಟೈಪಿಂಗ್ ಮೇಡಂ. ಆ ಸಂಜೆ ಕಂತು ಮುಗಿಯಲು ಸ್ವಲ್ಪ ಇರುವಾಗ ಮೇಡಂಗೆ ಏನು ಸಿಟ್ಟು ಬಂತೋ, ಕಿಟಕಿಯ ಕೆಳಗಿನ ಬಾಗಿಲು ಹಾಕಿ, ಮೇಲಿನ ಅರ್ಧಕ್ಕೆ ಪರದೆ ಎಳೆದುಬಿಟ್ಟಳು. ಪರದೆಯ ಒಂದು ತುದಿಯಲ್ಲಿ ಅಂಗೈ ಅಗಲದ ಸಂದಿ ಉಳಿಯಿತು. ತಂಗಿ ಅಳಲು ಶುರು ಮಾಡಿದಳು. ಅಣ್ಣ ಅಪ್ಪನ ಸೈಕಲ್ ತಂದು ಗೋಡೆಗೆ ಒರಗಿಸಿ ಕ್ಯಾರಿಯರ್ ಮೇಲೆ ಹತ್ತಿ ನಿಂತ. “ಅಳಬೇಡ, ನಾನು ಹೇಳ್ತೀನಿ. ಗಟ್ಟಿಯಾಗಿ ಹಿಡ್ಕೊ ಕಣೇ, ಬೀಳ್ತೀನಿ” ಎಂದ. ಅವಳು ಸೀಟು ಹಿಡಿದು ನಿಂತಳು. ಒಳಗಿನ ಸದ್ದು ಇಬ್ಬರಿಗೂ ಕೇಳುತ್ತಿತ್ತು. ಚಿತ್ರವನ್ನು ಅಣ್ಣ ಹೇಳುತ್ತಾ ಹೋದ.

ವೈದ್ಯ ಬಂದ. ಹುಡುಗಿ ಗಾಜಿನ ಆಚೆ ನಿಂತಿದ್ದಾಳೆ. ವೈದ್ಯ ಎಡಗೈಯಿಂದ ಹಿಡಿಕೆ ಎಳೆದ. ಬಾಗಿಲು ಮುಚ್ಚಿತು. ಬಾಗಿಲ ಮೇಲೆ ಯಾವುದೋ ಗೊತ್ತಿಲ್ಲದ ಅಕ್ಷರ ಬರೆದಿದೆ.

ಆ ಅಕ್ಷರವನ್ನು ಅಣ್ಣ ಇಳಿದು ಬಂದ ಮೇಲೆ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದ. ತಂಗಿ ಅದನ್ನು ಮನೆಗೆ ಹೋಗಿ ಅಡುಗೆಮನೆಯ ಬಾಗಿಲ ಹಿಂದೆ ಇದ್ದಿಲಿನಿಂದ ಬರೆದಳು. ಅಮ್ಮನ ಕೈಯಲ್ಲಿ ಏಟು ತಿಂದಳು. ಅದು ಅಳಿಸಿಹೋದಾಗಲೆಲ್ಲ ಮತ್ತೆ ಬರೆದಳು. ಎರಡು ಆಕಾರಗಳು: ಮೊದಲನೆಯದು ಎಡಕ್ಕೆ ಕಂಬ, ಬಲಕ್ಕೆ ಮೂಲೆ ಚಾಚಿದ ಬಾವುಟದಂತೆ, ಎರಡನೆಯದು ಓರೆಯಾಗಿ ನಿಂತ ಕೊಕ್ಕೆಯಂತೆ. ಮೂವತ್ತು ವರ್ಷದ ಮೇಲೆ ಬೋರ್ಡ್ ಬರೆಯುವವನ ಕೈಗೆ ಸಿಕ್ಕಿ, ಅಂಚಿಗೆ ಬಳ್ಳಿ ಸುತ್ತಿಕೊಂಡು, ಅದೇ ಈ ನಾಲ್ವರ ಗುರುತಾಗಿ ಟಿವಿಯ ಮೇಲಿನ ಗೋಡೆಯಲ್ಲಿ ಕೂತಿದೆ. ಕಟ್ಟೆಯಲ್ಲಿ ಇವರ ಹೆಸರೂ ಅದೇ, ಬಾವುಟ-ಕೊಕ್ಕೆ.

ವೈದ್ಯ ಬಲಗೈಯವನು. ಧಾರಾವಾಹಿಯ ಉದ್ದಕ್ಕೂ ಸೂಜಿ ಹಿಡಿದದ್ದು, ಕೈ ಕುಲುಕಿದ್ದು, ಊಟ ಮಾಡಿದ್ದು ಎಲ್ಲ ಬಲಗೈಯಲ್ಲಿ. ಹಾಗಿದ್ದರೆ ಎಡಗೈಯಿಂದ ಬಾಗಿಲು ಮುಚ್ಚಿದವನು ವೈದ್ಯನಲ್ಲ, ವೈದ್ಯನ ರೂಪ ಹೊತ್ತ ಇನ್ನಾರೋ. ಬಾಗಿಲ ಮೇಲಿದ್ದದ್ದು ಅವರ ಅಕ್ಷರ. ಎಡಗೈ ವಾದ ಎಂದು ಹೆಸರಾದ ಈ ವಾದದ ಮೇಲೆ ಕಟ್ಟೆಯ ಅರ್ಧ ಲೋಕ ನಿಂತಿತ್ತು. ಒಳ್ಳೆಯ ವೈದ್ಯ ಒಳ್ಳೆಯವನಾಗಿಯೇ ಉಳಿದಿದ್ದ.

ಹೀಗಿರುವಾಗ ಯಾವುದೋ ಊರಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತು. ಟಿವಿಯಿಂದ ಮನೆಯಲ್ಲೇ ಹಿಡಿದಿಟ್ಟದ್ದು. ಕಳೆದುಹೋದ ಕಂತು ಅದರಲ್ಲಿತ್ತು. ಸಿಕ್ಕವರು ಅದನ್ನು ಕಟ್ಟೆಗೆ ಹಾಕಿದರು.

ಆ ವಾರ ನಾಲ್ವರೂ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಚಿತ್ರ ಮಬ್ಬಾಗಿತ್ತು, ಅಂಚಿನಲ್ಲಿ ಗೆರೆಗಳು ಓಡುತ್ತಿದ್ದವು. ಕತ್ತರಿಯಕ್ಕನಿಗೆ ನೆನಪಿದ್ದ ಮಾತುಗಳೆಲ್ಲ ಒಂದೊಂದಾಗಿ ಬಂದವು. ಅವಳು ತುಟಿಯಲ್ಲೇ ಅವನ್ನು ಮುಂಚಿತವಾಗಿ ಹೇಳುತ್ತಾ ಹೋದಳು. ಕೊನೆಯ ದೃಶ್ಯ ಬಂತು. ವೈದ್ಯ ಬಂದ. ಗಾಜಿನ ಆಚೆ ಹುಡುಗಿ. ವೈದ್ಯ ಹಿಡಿಕೆ ಎಳೆದ.

“ಬಲಗೈ,” ಎಂದ ಲಿಫ್ಟ್.

“ಇನ್ನೊಂದ್ಸಲ ಹಾಕಿ,” ಎಂದಳು ನರ್ಸು.

ಇನ್ನೊಂದು ಸಲವೂ ಬಲಗೈಯೇ. ಮುಚ್ಚಿದ ಬಾಗಿಲ ಮೇಲೆ ಗೊತ್ತಿಲ್ಲದ ಅಕ್ಷರವೂ ಇರಲಿಲ್ಲ. ಕೆಂಪು ಬಣ್ಣದಲ್ಲಿ ಬಾಗಿಲಿನ ನಂಬರು ಬರೆದಿತ್ತು: 74.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ.

“ಅಕ್ಕ, ಬೇಜಾರು ಮಾಡ್ಕೋಬೇಡಿ,” ಎಂದ ಲಿಫ್ಟ್. “ನಿಮ್ಮಣ್ಣ ಅವತ್ತು ಬುರುಡೆ ಬಿಟ್ಟಿದ್ದಾರೆ. ನೀವು ಅಳ್ತಿದ್ರಿ, ಅವರು ಏನೋ ಕಟ್ಟಿ ಹೇಳಿದ್ರು. ನಾವು ಅದನ್ನ ಬಣ್ಣದಲ್ಲಿ ಬರೆಸಿ ಗೋಡೆ ಮೇಲೆ ಕೂರಿಸಿದ್ವಿ.”

“ಅವರಿಗೆ ಮನೆಯಲ್ಲೂ ಅದೇ ಹೆಸರು ಅಲ್ವಾ?” ಎಂದಳು ನರ್ಸು ಮೆಲ್ಲಗೆ.

ಅದೂ ನಿಜ. ಅಣ್ಣನಿಗೆ ಮನೆಯಲ್ಲಿ, ಬೀದಿಯಲ್ಲಿ, ಅವನು ಸಾಮಾನು ಸಾಗಿಸುವ ವ್ಯಾನಿನ ಸ್ಟ್ಯಾಂಡಿನಲ್ಲಿ ಇರುವ ಹೆಸರು ಬುರುಡೆ. ಹಾವು ಕಂಡೆ ಎಂದರೆ ಹಗ್ಗ ಎಂದು ತಿಳಿಯಬೇಕು, ಹಗ್ಗ ಕಂಡೆ ಎಂದರೆ ಏನೂ ಇರಲಿಲ್ಲ ಎಂದು ತಿಳಿಯಬೇಕು ಎಂಬುದು ಸ್ಟ್ಯಾಂಡಿನ ಲೆಕ್ಕ. ಅವನ ಮಾತನ್ನು ಪೂರ್ತಿ ನಂಬಿದವಳು ಬದುಕಿನಲ್ಲಿ ತಂಗಿ ಒಬ್ಬಳೇ. ಅವಳೂ ಎಲ್ಲ ಮಾತನ್ನಲ್ಲ, ಆ ಸಂಜೆಯ ಮಾತನ್ನು.

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. “ಕಟ್ಟೆಯಲ್ಲಿ ಎಲ್ಲರೂ ಕೇಳ್ತಾರಮ್ಮ. ನಾವಾಗಿಯೇ ಹೇಳೋದು ಮರ್ಯಾದೆ. ಎಡಗೈ ವಾದ ವಾಪಸ್ ತಗೊಂಡಿದೀವಿ, ಸಾಕ್ಷಿ ಸುಳ್ಳು ಅಂತ ಬರೆದುಬಿಡೋಣ.”

“ವಾದ ವಾಪಸ್ ತಗೊಳ್ಳಿ,” ಎಂದಳು ಕತ್ತರಿಯಕ್ಕ. “ವಾದ ಬಿದ್ದುಹೋಯ್ತು, ಕಣ್ಣಾರೆ ನೋಡಿದೆ. ಸಾಕ್ಷಿ ಸುಳ್ಳು ಅಂತ ಬರೀಬೇಡಿ.”

“ಇನ್ನೇನಂತ ಬರಿಯೋದು?”

“ಒಂದು ವಾರ ಕೊಡಿ. ನಿಯಮ ಇದೆಯಲ್ಲ.”

ಲಿಫ್ಟ್ ನಕ್ಕ. “ಅಕ್ಕ, ಅದು ಕಥೆಗೆ ಮಾಡಿದ ನಿಯಮ. ಮನುಷ್ಯರಿಗಲ್ಲ.”

“ಮನುಷ್ಯರಿಗೆ ಯಾಕಲ್ಲ?” ಎಂದಳು ಅವಳು. “ಯಾರೋ ಗುರುತಿಲ್ಲದ ಬರಹಗಾರ ಮರೆತಿಲ್ಲ ಅಂತ ವರ್ಷಗಟ್ಟಲೆ ವಾದ ಮಾಡಿದೀವಿ. ನನ್ನ ಒಡಹುಟ್ಟಿದವನಿಗೆ ಒಂದು ವಾರ ಇಲ್ವಾ? ಏಳು, ಪೊರಕೆ ತಗೋ. ಹುಡುಕೋಕೆ ಮುಂಚೆನೇ ಹೇಳಿದ್ದು ನೀನು.”

ಲಿಫ್ಟ್ ಎದ್ದು ಗುಡಿಸಿದ. ಎದುರು ವಾದ ಮಾಡಲು ಆಗದಂಥ ಧ್ವನಿಯಲ್ಲಿ ಅವಳು ಹೇಳಿದ್ದಳು.

ಮರುದಿನ ಬೆಳಿಗ್ಗೆಯೇ ಅವಳು ಅಣ್ಣನ ಮನೆಗೆ ಹೋದಳು. ಅಣ್ಣ ವ್ಯಾನಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಗಾಳಿ ನೋಡುತ್ತಿದ್ದ. ಅತ್ತಿಗೆ ಹೊಸ್ತಿಲಲ್ಲಿ ನಿಂತು ಒದ್ದೆ ಬಟ್ಟೆ ಜಾಡಿಸುತ್ತಿದ್ದಳು.

“ಅಣ್ಣ, ಅವತ್ತು ಸೈಕಲ್ ಮೇಲೆ ನಿಂತು ನೀನು ಏನು ನೋಡಿದೆ, ಸರಿಯಾಗಿ ಹೇಳು.”

“ಯಾವತ್ತು?”

ಅವಳು ಹೇಳಿದಳು. ಕ್ಯಾಸೆಟ್ಟು ಸಿಕ್ಕ ವಿಷಯ, ಬಲಗೈಯ ವಿಷಯ, 74ರ ವಿಷಯ ಎಲ್ಲ. ಅತ್ತಿಗೆ ಬಟ್ಟೆ ಜಾಡಿಸುವುದನ್ನು ನಿಲ್ಲಿಸಿ ಕೇಳಿದಳು.

“ಅಯ್ಯೋ ನಾದಿನಿ, ಇವರ ಮಾತು ಕೇಳಿ ಗೋಡೆಗೆ ಬಣ್ಣ ಹೊಡೆಸಿದ್ರಾ? ನಾನು ಮದುವೆಯಾದ ಹೊಸದರಲ್ಲಿ ಇವರು ಹೇಳಿದ್ದನ್ನ ಅರ್ಧ ಮಾಡ್ತಿದ್ದೆ. ಈಗ ಆ ಅರ್ಧನೂ ಅರ್ಧ ಮಾಡ್ತೀನಿ.”

ಅಣ್ಣ ನಗುತ್ತಾನೆಂದು ಕತ್ತರಿಯಕ್ಕ ಕಾದಳು. ಇಂಥ ಮಾತಿಗೆ ಅವನು ಯಾವಾಗಲೂ ಇನ್ನೊಂದು ಬುರುಡೆ ಸೇರಿಸಿ ನಗುತ್ತಿದ್ದ. ಇವತ್ತು ನಗಲಿಲ್ಲ. ಚಕ್ರದ ಮೇಲಿನ ಕೆಸರನ್ನು ಉಗುರಿನಿಂದ ಕೆರೆದ.

“ಬಿಡೇ. ಕಟ್ಟಿ ಹೇಳಿದ್ದೆ ಅಂತಲೇ ಕಾಣುತ್ತೆ. ಆ ಸಂದಿಯಿಂದ ಟಿವಿನೇ ಕಾಣ್ತಿರಲಿಲ್ಲ, ಅದೊಂದು ಚೆನ್ನಾಗಿ ನೆನಪಿದೆ. ಟಿವಿ ಪಕ್ಕದ ಗೋಡೆಗೆ ಇತ್ತು. ಸಂದಿಗೆ ನೇರವಾಗಿ ಮೇಡಂ ಅಲ್ಮೇರ ಒಂದೇ ಇದ್ದದ್ದು. ಅಲ್ಮೇರ ನೋಡ್ಕೊಂಡು ಕಥೆ ಹೇಳಿದೀನಿ ಅಂದ್ರೆ ಅದು ಬುರುಡೆ ಅಲ್ದೆ ಇನ್ನೇನು?”

“ನಿನಗೆ ಕಟ್ಟಿದ ನೆನಪಿದೆಯಾ?”

“ಕಟ್ಟಿದ ನೆನಪಿಲ್ಲ. ನೋಡಿದ ನೆನಪೇ ಇದೆ. ವೈದ್ಯ, ಎಡಗೈ, ಕೆಂಪು ಅಕ್ಷರ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ.” ಅವನು ತಲೆ ಎತ್ತಿದ. “ಅದಕ್ಕೇ ನನಗೀಗ ಯೋಚನೆ. ಇಷ್ಟು ದಿನ ನಾನು ಬಿಟ್ಟ ಬುರುಡೆ ಯಾವುದು ಅಂತ ನನಗಾದರೂ ಗೊತ್ತಿರ್ತಿತ್ತು.”

ಅವನು ಅಕ್ಷರ ಕೆಂಪು ಎಂದದ್ದನ್ನು ಅವಳು ಗಮನಿಸಿದಳು. ನಂಬರಿನ ವಿಷಯ ಹೇಳಿದ್ದಳೇ ಹೊರತು ಬಣ್ಣ ಅವಳು ಹೇಳಿರಲಿಲ್ಲ. ಆದರೆ ಕೆಂಪು ಯಾರಾದರೂ ಊಹಿಸಬಹುದಾದ ಬಣ್ಣ. ಬುರುಡೆ ಎಂದವರ ಬಾಯಿ ಮುಚ್ಚಿಸಲು ಅದು ಸಾಲದು.

ಮುಂದಿನ ದಿನಗಳಲ್ಲಿ ಅವಳು ಬಿಡುವಿದ್ದಾಗಲೆಲ್ಲ ಆ ಕೊನೆಯ ದೃಶ್ಯವನ್ನು ಹಾಕಿಕೊಂಡು ನೋಡಿದಳು. ಕಥೆಯ ಗಂಟು ಬಿಚ್ಚುವಾಗ ಅವಳದೊಂದು ಕ್ರಮವಿದೆ. ಹೊಂದದೆ ಇರುವುದನ್ನು ಆಚೆಗಿಟ್ಟು, ಮೊದಲು ಹೊಂದುವುದನ್ನು ನೋಡಬೇಕು. ವೈದ್ಯ ಬಂದದ್ದು ಹೊಂದುತ್ತದೆ. ಹುಡುಗಿ ಗಾಜಿನ ಆಚೆ ನಿಂತದ್ದು ಹೊಂದುತ್ತದೆ. ಹಿಡಿಕೆ ಎಳೆದದ್ದು ಹೊಂದುತ್ತದೆ. ಬಾಗಿಲ ಮೇಲೆ ಎರಡು ಗುರುತು ಇದ್ದದ್ದು ಹೊಂದುತ್ತದೆ, ಬಣ್ಣವೂ ಹೊಂದುತ್ತದೆ. ಅಲ್ಮೇರ ನೋಡಿಕೊಂಡು ನಿಂತ ಹುಡುಗ ಇಷ್ಟನ್ನೂ ಗಾಳಿಯಲ್ಲಿ ಹಿಡಿದನೇ? ಎಷ್ಟೇ ಚೆನ್ನಾಗಿ ಕಟ್ಟಿದ ಬುರುಡೆಯೂ ಇಷ್ಟು ಸರಿಯಾಗಿ ಗುರಿ ಮುಟ್ಟುವುದಿಲ್ಲ. ಹಾಗೆಂದು ಎಡಗೈ ಬಲಗೈ ಆಗುವುದೂ ಇಲ್ಲ. ಅಲ್ಲಿಗೆ ಬಂದು ಅವಳ ಲೆಕ್ಕ ನಿಂತುಬಿಡುತ್ತಿತ್ತು. ಅವಳು ಟಿವಿ ಆರಿಸಿ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಸಂಜೆ ಮತ್ತೆ ಹಾಕುತ್ತಿದ್ದಳು.

ಗಡುವಿಗೆ ಎರಡು ದಿನ ಇರುವಾಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಂದು ಕೂತಳು. ಕೆಲಸ ಅರ್ಧ ಆಗುವಷ್ಟರಲ್ಲಿ ಅವಳು ಫೋನಿನಲ್ಲಿ ತನ್ನದೇ ಹಳೆಯ ಫೋಟೋ ತೆಗೆದು ಎದುರಿನ ಕನ್ನಡಿಯ ಪಕ್ಕಕ್ಕೆ ಹಿಡಿದಳು.

“ಅಕ್ಕ, ಬೈತಲೆ ಬದಲಾಯಿಸಿಬಿಟ್ರಾ? ಫೋಟೋದಲ್ಲಿ ನೋಡಿ, ಈ ಕಡೆ ಇದೆ. ಇಲ್ಲಿ ನೋಡಿದ್ರೆ ಆ ಕಡೆ ಕಾಣ್ತಿದೆ.”

ಇದು ವಾರಕ್ಕೆ ಹತ್ತು ಬಾರಿ ಬರುವ ಪ್ರಶ್ನೆ. ಕತ್ತರಿಯಕ್ಕ ಹತ್ತು ಬಾರಿಯೂ ಒಂದೇ ಉತ್ತರ ಕೊಡುತ್ತಾಳೆ. ಬಾಯಿ ತಾನಾಗಿಯೇ ಹೇಳುತ್ತದೆ, ಕೈ ನಿಲ್ಲುವುದಿಲ್ಲ.

“ಬೈತಲೆ ಎಲ್ಲಿತ್ತೋ ಅಲ್ಲೇ ಇದೆ ತಾಯಿ. ಕನ್ನಡಿ ಎಡ ಬಲ ತಿರುಗಿಸಿ ತೋರಿಸುತ್ತೆ, ಅಷ್ಟೇ.”

ಈ ಬಾರಿ ಕೈ ನಿಂತಿತು.

ಅವಳು ತಲೆ ಎತ್ತಿ ಕನ್ನಡಿಯನ್ನು ನೋಡಿದಳು. ಕನ್ನಡಿಯಲ್ಲಿ ಬ್ಯಾಂಕಿನ ಹೆಂಗಸು, ಅವಳ ಹಿಂದೆ ತಾನು, ತನ್ನ ಹಿಂದೆ ಟಿವಿ, ಟಿವಿಯ ಮೇಲೆ ಬೋರ್ಡ್ ಬರೆಯುವವನ ಬಾವುಟ ಮತ್ತು ಕೊಕ್ಕೆ. ಕನ್ನಡಿಯಲ್ಲಿ ಕೊಕ್ಕೆ ಮೊದಲು ಬಂದಿತ್ತು, ಬಾವುಟ ಆಮೇಲೆ. ಬಾವುಟದ ಕಂಬ ಬಲಕ್ಕೆ ಬಂದಿತ್ತು. ಬಳ್ಳಿ ಗಿಳ್ಳಿ ತೆಗೆದುಹಾಕಿದರೆ ಉಳಿಯುವುದು ಏಳು. ಆಮೇಲೆ ನಾಲ್ಕು.

“ಅಕ್ಕ? ಏನಾಯ್ತು? ಕಿವಿ ಕತ್ತರಿಸಿದ್ರಾ?”

“ಇಲ್ಲಮ್ಮ,” ಎಂದಳು ಕತ್ತರಿಯಕ್ಕ. “ಕಿವಿ ಇದೆ. ನನಗೆ ಕಣ್ಣು ಇರಲಿಲ್ಲ.”

ಇಷ್ಟು ವರ್ಷ ಬೆಳಗಿನಿಂದ ಸಂಜೆಯವರೆಗೆ ಕನ್ನಡಿಯ ಮುಂದೆ ನಿಂತವಳು ಅವಳು. ಎಪ್ಪತ್ತನಾಲ್ಕು ಪ್ರತಿದಿನವೂ ಅವಳ ಮುಖದ ಪಕ್ಕದಲ್ಲೇ ಇತ್ತು. ಕ್ಯಾಸೆಟ್ಟು ಸಿಗುವ ತನಕ ಆ ನಂಬರಿಗೆ ಅರ್ಥವಿರಲಿಲ್ಲ. ಸಿಕ್ಕ ಮೇಲೆ ಎಲ್ಲರೂ ಟಿವಿ ನೋಡಿದರೇ ಹೊರತು ಕನ್ನಡಿ ನೋಡಲಿಲ್ಲ. ಅವಳಿಗೆ ನಗು ಬಂತು, ನಗಲಿಲ್ಲ. ಕೆಲಸ ಬಾಕಿ ಇತ್ತು. ಬ್ಯಾಂಕಿನ ಹೆಂಗಸಿನ ಕೂದಲು ಮುಗಿಸಿ, ಬಾಗಿಲಿಗೆ ‘ಈಗ ಬರುತ್ತೇನೆ’ ಎಂಬ ಹಲಗೆ ತೂಗುಹಾಕಿ ಬಸ್ಸು ಹಿಡಿದಳು.

ಅಲ್ಮೇರದಲ್ಲಿ ಕನ್ನಡಿ ಇತ್ತೇ ಎನ್ನುವುದು ಇನ್ನೂ ಗೊತ್ತಾಗಬೇಕಿತ್ತು. ತನಗೆ ಬೇಕೆಂದು ಅಲ್ಲಿ ಕನ್ನಡಿ ಇಟ್ಟರೆ ತಾನೂ ಬುರುಡೆಯ ತಂಗಿಯೇ.

ಟೈಪಿಂಗ್ ಮೇಡಂ ಈಗ ಮಗಳ ಜೊತೆ ಎರಡನೇ ಮಹಡಿಯ ಮನೆಯಲ್ಲಿದ್ದಳು. ಮಂಡಿ ನೋವು, ಕಿವಿ ಚುರುಕು. ಕತ್ತರಿಯಕ್ಕ ಹಳೆಯ ಬೀದಿಯ ಗುರುತು ಹೇಳಿದಾಗ ಮೇಡಂ ಕಣ್ಣು ಕಿರಿದು ಮಾಡಿದಳು.

“ಕಿಟಕಿ ಹತ್ರ ನಿಂತು ಕಾಟ ಕೊಡ್ತಿದ್ದ ಅಣ್ಣ ತಂಗಿ! ನಿಮ್ಮಣ್ಣ ನನ್ನ ಮಲ್ಲಿಗೆ ಕುಂಡ ಒಡೆದಿದ್ದ, ಗೊತ್ತಾ? ಕೇಳಿದ್ರೆ ಕೋತಿ ಅಂದ.”

“ಅದಕ್ಕೇ ಪರದೆ ಎಳೆದ್ರಾ ಮೇಡಂ?”

“ಮತ್ತೆ? ಕುಂಡ ಒಡೆದವನಿಗೆ ಟಿವಿ ಬೇರೆ ತೋರಿಸಬೇಕಿತ್ತಾ?”

“ಮೇಡಂ, ಆ ಕೋಣೆಯಲ್ಲಿ ಒಂದು ಅಲ್ಮೇರ ಇತ್ತಲ್ಲ, ಹೇಗಿತ್ತು ಅದು?” ಕನ್ನಡಿ ಎಂಬ ಮಾತನ್ನು ಅವಳು ತಾನಾಗಿ ಆಡಲಿಲ್ಲ. ಬಾಯಿಯವರೆಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು.

ಮೇಡಂ ಮಗಳನ್ನು ಕರೆದಳು. “ಇವಳನ್ನ ಒಳಗೆ ಕರ್ಕೊಂಡು ಹೋಗಿ ತೋರಿಸೇ. ಹೇಗಿತ್ತು ಅಂತ ಕೇಳ್ತಾಳೆ. ಎಲ್ಲೂ ಹೋಗಿಲ್ಲ, ನನ್ನ ಹಾಗೇ ಗಟ್ಟಿ ಇದೆ.”

ಒಳಕೋಣೆಯ ಮೂಲೆಯಲ್ಲಿ ಅಲ್ಮೇರ ನಿಂತಿತ್ತು. ಬಾಗಿಲ ತುಂಬ, ತಲೆಯಿಂದ ಕಾಲಿನವರೆಗೆ, ಕನ್ನಡಿ. ಕತ್ತರಿಯಕ್ಕ ಅದರ ಮುಂದೆ ನಿಂತಳು. ಬಾಗಿಲು ತಾನಾಗಿ ಕಿರ್ರೆಂದು ಒಂದು ಗೇಣು ತೆರೆದುಕೊಂಡಿತು. ಕನ್ನಡಿಯಲ್ಲಿ ಅವಳ ಮುಖ ಸರಿದುಹೋಗಿ ಪಕ್ಕದ ಗೋಡೆ ಬಂತು.

“ಅದು ಮುಂಚಿನಿಂದಲೂ ಹಾಗೇ,” ಎಂದಳು ಮಗಳು. “ಚಿಲಕ ಕೂರಲ್ಲ. ಯಾವಾಗಲೂ ಓರೆಯಾಗಿ ತೆರ್ಕೊಂಡಿರುತ್ತೆ.”

ಕತ್ತರಿಯಕ್ಕ ಬಾಗಿಲನ್ನು ಮುಚ್ಚಿ ನೋಡಿದಳು. ಅದು ಮತ್ತೆ ತೆರೆದುಕೊಂಡಿತು. ಮತ್ತೆ ಪಕ್ಕದ ಗೋಡೆ. ಅಷ್ಟು ಸಾಕಾಗಿತ್ತು.

ಹೊರಡುವಾಗ ಮೇಡಂ ಕೂಗಿ ಹೇಳಿದಳು: “ನಿಮ್ಮಣ್ಣನಿಗೆ ಕುಂಡ ಮರೆತಿಲ್ಲ ಅಂತ ಹೇಳು!”

ರಜೆಯ ಸಂಜೆ ಷಟರ್ ಅರ್ಧ ಎತ್ತಿತ್ತು. ಮೇಷ್ಟ್ರು, ನರ್ಸು, ಲಿಫ್ಟ್ ಮೂವರೂ ಬಂದಿದ್ದರು. ಕತ್ತರಿಯಕ್ಕ ಯಾರಿಗೂ ಏನೂ ಹೇಳಿರಲಿಲ್ಲ. ಅಣ್ಣನನ್ನು ಮಾತ್ರ ಕೂದಲು ಕತ್ತರಿಸುತ್ತೇನೆಂದು ಹೇಳಿ ಕರೆಸಿದ್ದಳು. ಅವನು ಷಟರಿಗೆ ತಲೆ ಬಡಿಸಿಕೊಂಡೇ ಒಳಗೆ ಬಂದ.

“ಹೆಂಗಸರ ಅಂಗಡಿಯಲ್ಲಿ ನನಗೇನೇ ಕೆಲಸ? ಸ್ಟ್ಯಾಂಡಿನಲ್ಲಿ ಗೊತ್ತಾದರೆ ಮಾನ ಹೋಗುತ್ತೆ.”

“ನೀನು ಹೇಳಿದರೂ ಯಾರೂ ನಂಬಲ್ಲ ಬಿಡು. ಕೂತ್ಕೊ.”

ಅವನ ಕೊರಳಿಗೆ ಬಟ್ಟೆ ಕಟ್ಟಿದಳು. ಕುರ್ಚಿ ಕನ್ನಡಿಗೆ ಮುಖ ಮಾಡಿತ್ತು, ಟಿವಿ ಅವನ ಬೆನ್ನಿಗಿತ್ತು. ಉಳಿದ ಮೂವರಿಗೆ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ. ಲಿಫ್ಟ್ ಏನೋ ಹೇಳಹೊರಟ. ಮೇಷ್ಟ್ರು ಅವನ ತೋಳು ಹಿಡಿದರು.

ಕತ್ತರಿಯಕ್ಕ ಟಿವಿ ಹಾಕಿದಳು. ಸದ್ದು ಮೊದಲು ಬಂತು. ಅಣ್ಣ ತಿರುಗಲು ಹೋದ. ಅವಳು ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

“ತಿರುಗಬೇಡ. ಎದುರಿಗೆ ನೋಡು. ನೋಡಿದ್ದನ್ನ ಹೇಳು.”

ಅಣ್ಣ ಕನ್ನಡಿ ನೋಡಿದ.

“ವೈದ್ಯ ಬಂದ,” ಎಂದ. ಆಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. “ಹುಡುಗಿ ಗಾಜಿನ ಆಚೆ ಇದಾಳೆ. ಹಿಡಿಕೆ… ಎಡಗೈ. ಎಡಗೈ ಕಣೇ! ನಾನು ಹೇಳಿದ್ದು ಇದೇ! ಬಾಗಿಲ ಮೇಲೆ ನೋಡು, ಕೆಂಪಗೆ, ಅದೇ ಅಕ್ಷರ!” ಅವನು ಬಟ್ಟೆಯೊಳಗಿನಿಂದ ಕೈ ಹೊರತೆಗೆದು ಕನ್ನಡಿಯ ಕಡೆ ಚಾಚಿದ. “ಬಾವುಟ! ಕೊಕ್ಕೆ!”

ನರ್ಸು ಮೊದಲು ಟಿವಿ ನೋಡಿದಳು, ಆಮೇಲೆ ಕನ್ನಡಿ ನೋಡಿದಳು, ಆಮೇಲೆ ಗೋಡೆಯ ಮೇಲಿನ ಗುರುತು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಮೇಷ್ಟ್ರು ಬೆರಳಿನಿಂದ ಗಾಳಿಯಲ್ಲಿ ಏಳು ಬರೆದರು, ತಿರುಗಿಸಿ ಬರೆದರು, ತಲೆ ಆಡಿಸಿದರು.

“ಅವನು ನೋಡಿದ್ದು ಅಲ್ಮೇರದ ಕನ್ನಡಿಯಲ್ಲಿ,” ಎಂದಳು ಕತ್ತರಿಯಕ್ಕ. “ಅಲ್ಮೇರ ಈಗಲೂ ಇದೆ. ಹೋಗಿ ನೋಡ್ಕೊಂಡು ಬಂದೆ. ಬಾಗಿಲು ಓರೆಯಾಗಿ ನಿಂತಿರುತ್ತೆ, ಎದುರಿಗೆ ನಿಂತವರಿಗೆ ಪಕ್ಕದ ಗೋಡೆ ತೋರಿಸುತ್ತೆ. ಟಿವಿ ಇದ್ದದ್ದು ಆ ಗೋಡೆಗೆ. ಇವನು ಕಂಡಿದ್ದನ್ನ ಕಂಡ ಹಾಗೇ ಹೇಳಿದ. ನಾನು ಕೇಳಿದ್ದನ್ನ ಕೇಳಿದ ಹಾಗೇ ನಿಮಗೆ ಹೇಳಿದೆ. ಈಗ ಕಟ್ಟೆಯಲ್ಲಿ ಏನು ಬರೀತೀರೋ ಬರೀರಿ.”

ಲಿಫ್ಟ್ ಯಾರೂ ಹೇಳದೆಯೇ ಎದ್ದು ಪೊರಕೆ ತಂದ.

“ಸಾಕ್ಷಿ ನಿಜ, ಕನ್ನಡಿಯಲ್ಲಿ ಕಂಡದ್ದು ಅಂತ ಬರೆಯೋಣ,” ಎಂದರು ಮೇಷ್ಟ್ರು. “ಗುರುತು ಗೋಡೆ ಮೇಲೇ ಇರಲಿ.” ಆಮೇಲೆ ಹೇಳಿದರು: “ಆದರೆ ಅಮ್ಮಾ, ಈಗ ಗಂಟು ಇನ್ನೂ ಬಿಗಿಯಾಯ್ತಲ್ಲ. ಬಲಗೈ ಅಂದ್ರೆ ನಿಜವಾದ ವೈದ್ಯನೇ. ಅಷ್ಟು ಒಳ್ಳೆಯವನು ಆ ಹುಡುಗಿಯನ್ನ ಆಚೆ ಬಿಟ್ಟು ಬಾಗಿಲು ಯಾಕೆ ಮುಚ್ಚಿದ?”

ಲಿಫ್ಟ್ ಕುರ್ಚಿಗಳ ಸುತ್ತ ಗುಡಿಸತೊಡಗಿದ.

“ಅವಳೇ ಮುಚ್ಚು ಅಂದಳು,” ಎಂದ ಅಣ್ಣ.

ಪೊರಕೆ ನಿಂತಿತು. ಲಿಫ್ಟ್ ಮೇಷ್ಟ್ರ ಮುಖ ನೋಡಿದ. ವಾರದ ಹಿಂದೆ ಆಗಿದ್ದರೆ ಆ ಹೊತ್ತಿಗೆ ನಗೆಯೊಂದು ಬರುತ್ತಿತ್ತು.

“ಗಾಜಿನ ಆಚೆ ಅವಳ ಬಾಯಿ ಆಡುತ್ತೆ. ಸದ್ದು ಇಲ್ಲ, ತುಟಿ ಮಾತ್ರ. ಮುಚ್ಚು, ಮುಚ್ಚು ಅಂತಾಳೆ. ಅವತ್ತೇ ನೋಡಿದ್ದೆ.”

“ನನಗೆ ಹೇಳಲಿಲ್ಲವಲ್ಲ,” ಎಂದಳು ತಂಗಿ.

“ನೀನು ಆಗಲೇ ಅಳ್ತಿದ್ದೆ. ಅದನ್ನೂ ಕೇಳಿ ನೀನು ಕೈ ಬಿಟ್ಟಿದ್ರೆ ನಾನು ಸೈಕಲ್ ಸಮೇತ ಬೀಳ್ತಿದ್ದೆ.”

ನರ್ಸು ರಿಮೋಟು ತೆಗೆದುಕೊಂಡು ದೃಶ್ಯವನ್ನು ಹಿಂದಕ್ಕೆ ಓಡಿಸಿದಳು. ಮಬ್ಬು ಚಿತ್ರದ ಮುಂದೆ ಮೇಷ್ಟ್ರು ಮೂಗು ತಾಗಿಸುವಷ್ಟು ಹತ್ತಿರ ಹೋದರು. ಲಿಫ್ಟ್ ಪೊರಕೆ ಹಿಡಿದೇ ಬಂದು ಅವರ ಹಿಂದೆ ನಿಂತ. ಮೂವರೂ ಹುಡುಗಿಯ ತುಟಿಗಳಿಗಾಗಿ ಕಾದರು.

ಕತ್ತರಿಯಕ್ಕ ಕುರ್ಚಿಯನ್ನು ಟಿವಿಯ ಕಡೆ ತಿರುಗಿಸಿದಳು. “ಈಗ ನೇರವಾಗಿ ನೋಡು ಅಣ್ಣ,” ಎಂದಳು. “ನಿಧಾನವಾಗಿ ಹೇಳು. ಹಿಡ್ಕೊಂಡಿದೀನಿ.”